ನೂರೆಂಬತ್ತು ಪ್ರಕರಣ, ನೂರೈವತ್ತು ಅಧ್ಯಾಯ

1905ರ ಹೊತ್ತಿಗೆ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಓಲೆಗರಿಗಳ ಒಂದು ಕಟ್ಟು ಬಂದು ಸೇರಿತ್ತು. ಲಿಪಿ ಗ್ರಂಥ, ಭಾಷೆ ಸಂಸ್ಕೃತ. ಲೈಬ್ರರಿಯನ್ ಆಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಹೆಸರಷ್ಟೇ ಉಳಿದು ಗ್ರಂಥ ಕಾಣೆಯಾಗಿದೆ ಎಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ. ಇಷ್ಟು ಕಥೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಆ ಗ್ರಂಥದ ಮೊದಲ ಅಧ್ಯಾಯದಲ್ಲಿ ಏನಿದೆ ಎಂಬುದರ ಬಗ್ಗೆ ಮಾತು ಕಡಿಮೆ.

ಅಲ್ಲಿರುವುದು ಒಂದು ಪಟ್ಟಿ. ಶುಕ್ರನಿಗೂ ಬೃಹಸ್ಪತಿಗೂ ನಮಸ್ಕಾರ, ಹಿಂದಿನ ಆಚಾರ್ಯರ ಅರ್ಥಶಾಸ್ತ್ರಗಳನ್ನು ಒಟ್ಟುಗೂಡಿಸಿ ಇದನ್ನು ಮಾಡಿದೆ ಎಂಬ ಒಂದು ಮಾತು, ಅಷ್ಟಾದ ಮೇಲೆ ನೇರವಾಗಿ ವಿಷಯಗಳ ಹೆಸರು. ವಿದ್ಯೆಗಳು ಯಾವುವು, ಹಿರಿಯರ ಸಹವಾಸ, ಇಂದ್ರಿಯಜಯ, ಅಮಾತ್ಯರ ನೇಮಕ ಎಂದು ಶುರುವಾಗಿ ಗೂಢಚಾರರು, ಕೋಟೆ, ಸುಂಕ, ನೂಲು, ಕುದುರೆ, ಆನೆ, ಸಾಲ, ವಿವಾಹ, ಸಂಧಿ, ಮುತ್ತಿಗೆಗಳವರೆಗೆ ಪಟ್ಟಿ ಸಾಗುತ್ತದೆ. ಕೊನೆಯಲ್ಲಿ ಲೆಕ್ಕ: 15 ಅಧಿಕರಣ, 150 ಅಧ್ಯಾಯ, 180 ಪ್ರಕರಣ, 6000 ಶ್ಲೋಕ.

ಬಹುಪಾಲು ಗದ್ಯದಲ್ಲಿರುವ ಗ್ರಂಥಕ್ಕೆ ಶ್ಲೋಕದ ಲೆಕ್ಕ ಏಕೆ ಎಂದು ಕೇಳಬಹುದು. ಇಲ್ಲಿ ಶ್ಲೋಕ ಎಂದರೆ 32 ಅಕ್ಷರಗಳ ಒಂದು ಅಳತೆ, ಬಟ್ಟೆಗೆ ಗಜ ಇದ್ದ ಹಾಗೆ. ದಂಡಿಯ ದಶಕುಮಾರಚರಿತದಲ್ಲೂ ಇದೇ 6000ದ ಮಾತು ಬರುತ್ತದೆ. ಅದನ್ನು ಆಡುವವನು ರಾಜನೀತಿಯ ಓದನ್ನೇ ಗೇಲಿ ಮಾಡುವ ಒಬ್ಬ ಆಸ್ಥಾನಿಕ. ಶತಮಾನಗಳ ನಂತರ ಸಿಕ್ಕ ಕಟ್ಟಿನಲ್ಲಿ ಅದೇ ಸಂಖ್ಯೆ ಇತ್ತು.

ಅಚ್ಚಿನ ಪುಸ್ತಕದ ಪರಿವಿಡಿ ಪುಟ ತೋರಿಸುತ್ತದೆ. ಓಲೆಗರಿಯಲ್ಲಿ ಆ ಸೌಕರ್ಯ ಇಲ್ಲ. ಒಂದು ಪ್ರತಿಯ ಗರಿಸಂಖ್ಯೆ ಇನ್ನೊಂದು ಪ್ರತಿಗೆ ಹೊಂದುವುದಿಲ್ಲ. ಹಾಗಾಗಿ ಗ್ರಂಥಕಾರ ನೆಚ್ಚಿಕೊಳ್ಳಬಹುದಾದದ್ದು ಎರಡೇ: ವಿಷಯಗಳ ಕ್ರಮ ಮತ್ತು ಅವುಗಳ ಎಣಿಕೆ. ಯಾರಾದರೂ ನಡುವೆ ಏನನ್ನಾದರೂ ಸೇರಿಸಿದರೆ, ಗೆದ್ದಲು ತಿಂದು ಒಂದಷ್ಟು ಹೋದರೆ, ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ.

ಈ ಪಟ್ಟಿಗೆ ಕೌಟಿಲ್ಯನ ಬಳಿ ಒಂದು ಹೆಸರೂ ಇದೆ. ಗ್ರಂಥದ ಕೊನೆಯ ಅಧಿಕರಣದ ಹೆಸರು ತಂತ್ರಯುಕ್ತಿ. ಶಾಸ್ತ್ರಗ್ರಂಥವನ್ನು ಕಟ್ಟಲು ಬೇಕಾದ 32 ಉಪಕರಣಗಳನ್ನು ಅಲ್ಲಿ ಹೆಸರಿಸಿ, ವಿವರಿಸಿ, ಬಹುಮಟ್ಟಿಗೆ ತನ್ನದೇ ಗ್ರಂಥದಿಂದ ಉದಾಹರಣೆ ಕೊಡುತ್ತಾನೆ. ಪ್ರಕರಣಗಳನ್ನು ಕ್ರಮವಾಗಿ ಜೋಡಿಸಿಡುವುದು ‘ವಿಧಾನ’. ಅದಕ್ಕೆ ಉದಾಹರಣೆ ಆ ಮೊದಲ ಪಟ್ಟಿಯೇ. ಚಿಕ್ಕದಾಗಿ ಸೂಚಿಸುವುದು ‘ಉದ್ದೇಶ’, ಅದನ್ನೇ ಬಿಡಿಸಿ ಹೇಳುವುದು ‘ನಿರ್ದೇಶ’. ಇಂದ್ರಿಯಜಯ ಬೇಕು ಎಂದರೆ ಉದ್ದೇಶ. ಕಿವಿ, ಚರ್ಮ, ಕಣ್ಣು, ನಾಲಿಗೆ, ಮೂಗು ತಮ್ಮ ತಮ್ಮ ವಿಷಯಗಳಲ್ಲಿ ದಾರಿ ತಪ್ಪದಿರುವುದು ಎಂದು ಬಿಡಿಸಿದರೆ ನಿರ್ದೇಶ. ಮುಂದೆ ಹೇಳಲಿರುವುದರ ಕಡೆ ಕೈ ತೋರಿಸಲು ಒಂದು ಯುಕ್ತಿ, ಹಿಂದೆ ಹೇಳಿದ್ದನ್ನು ನೆನಪಿಸಲು ಇನ್ನೊಂದು. ಈ ಪದಗಳಲ್ಲಿ ಎಷ್ಟೋ ಕನ್ನಡದಲ್ಲಿ ಇಂದಿಗೂ ಓಡಾಡುತ್ತಿವೆ, ಆದರೆ ಬೇರೆ ಕೆಲಸಕ್ಕೆ ಸೇರಿಕೊಂಡಿವೆ. ಉದ್ದೇಶ ಗುರಿಯಾಗಿದೆ, ನಿರ್ದೇಶನ ಸಿನಿಮಾಕ್ಕೆ ಹೋಗಿದೆ, ವಿಧಾನಕ್ಕೆ ಬೆಂಗಳೂರಿನಲ್ಲಿ ಸೌಧವೇ ಎದ್ದಿದೆ.

ಇದು ಕೌಟಿಲ್ಯನೊಬ್ಬನ ಸೊತ್ತಲ್ಲ. ಸುಶ್ರುತಸಂಹಿತೆಯಲ್ಲಿ 32 ತಂತ್ರಯುಕ್ತಿಗಳಿವೆ, ತಮಿಳಿನ ತೊಲ್ಕಾಪ್ಪಿಯಂನ ಕೊನೆಯ ಭಾಗದಲ್ಲೂ 32 ‘ಉತ್ತಿ’ಗಳಿವೆ. ಚರಕಸಂಹಿತೆಯಲ್ಲಿ 36. ಚರಕದ್ದು ಸ್ವಾರಸ್ಯದ ಸಂಗತಿ. ಸೂತ್ರಸ್ಥಾನದ ಕೊನೆಯ ಅಧ್ಯಾಯ ಗ್ರಂಥದ 8 ಸ್ಥಾನ, 120 ಅಧ್ಯಾಯಗಳನ್ನು ಹೆಸರಿಸುತ್ತದೆ. ಆದರೆ ದೃಢಬಲನ ಕೈಗೆ ಬರುವಾಗ ಗ್ರಂಥದಲ್ಲಿ 41 ಅಧ್ಯಾಯಗಳು ಇರಲಿಲ್ಲ. ಅವನು ಬೇರೆ ಬೇರೆ ತಂತ್ರಗಳಿಂದ ಆಯ್ದು ಅವನ್ನು ತುಂಬಿದ. ಆ 36 ಯುಕ್ತಿಗಳ ಪಟ್ಟಿ ಇರುವುದೂ ಅವನು ತುಂಬಿದ ಭಾಗದಲ್ಲೇ, ತೀರಾ ಕೊನೆಯಲ್ಲಿ. ಇನ್ನೊಬ್ಬರು ಅರ್ಧಕ್ಕೆ ಬಿಟ್ಟ ಮನೆ ಕಟ್ಟಿ ಮುಗಿಸಿದ ಮೇಸ್ತ್ರಿಗೆ ಉಪಕರಣಗಳ ಬೆಲೆ ಚೆನ್ನಾಗಿ ಗೊತ್ತಿದ್ದಿರಬೇಕು.

ಮತ್ತೆ ಅರ್ಥಶಾಸ್ತ್ರದ ಲೆಕ್ಕಕ್ಕೆ ಬಂದರೆ, ಅದರೊಳಗೇ ಒಂದು ಒಡಕಿದೆ. 180 ಪ್ರಕರಣಗಳು 150 ಅಧ್ಯಾಯಗಳಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ. ವಿದ್ಯೆಗಳನ್ನು ಕುರಿತ ಮೊದಲ ಪ್ರಕರಣ ಒಂದೇ ಆದರೂ ಮೂರು ಅಧ್ಯಾಯಗಳಿಗೆ ಹರಡಿಕೊಂಡಿದೆ. ಏಳನೆಯ ಅಧಿಕರಣದ ನಾಲ್ಕನೆಯ ಅಧ್ಯಾಯದಲ್ಲಿ ಐದು ಪ್ರಕರಣಗಳು ಇಕ್ಕಟ್ಟಾಗಿ ಕುಳಿತಿವೆ. ಒಬ್ಬನೇ ಕೂತು ಯೋಜಿಸಿ ಬರೆದಿದ್ದರೆ ಒಂದರ ಮೇಲೊಂದು ಹೀಗೆ ಎರಡು ಗೆರೆ ಏಕೆ ಎಳೆಯುತ್ತಿದ್ದ? ಥಾಮಸ್ ಟ್ರೌಟ್‌ಮನ್ 1971ರಲ್ಲಿ ಚ, ವಾ ಮುಂತಾದ ಪುಟ್ಟ ಪದಗಳ ಬಳಕೆಯನ್ನು ಎಣಿಸಿ, ಇದರಲ್ಲಿ ಒಂದಕ್ಕಿಂತ ಹೆಚ್ಚು ಕೈಗಳಿವೆ ಎಂದರು. ಪ್ಯಾಟ್ರಿಕ್ ಒಲಿವೆಲ್ ಮತ್ತು ಮಾರ್ಕ್ ಮೆಕ್‌ಕ್ಲಿಶ್ ರೂಪುರೇಷೆಯನ್ನೇ ಸಾಕ್ಷಿಗೆ ಕರೆದರು. ಪ್ರಕರಣಗಳ ವಿಭಾಗ ಹಳೆಯದು; ಅಧ್ಯಾಯಗಳ ವಿಭಾಗವೂ ಅಧ್ಯಾಯದ ಕೊನೆಗೆ ಬರುವ ಪದ್ಯಗಳೂ ನಂತರ ಒಬ್ಬ ಪರಿಷ್ಕಾರಕ ಮೇಲೆ ಕೂರಿಸಿದವು ಎಂಬುದು ಅವರ ವಾದ. ಒಪ್ಪದವರೂ ಇದ್ದಾರೆ. ಆದರೂ ಐದು ಪ್ರಕರಣಗಳ ಆ ಅಧ್ಯಾಯವನ್ನು ನೋಡಿದವರಿಗೆ ವಾದದ ತೂಕ ಗೊತ್ತಾಗುತ್ತದೆ.

ಇನ್ನು 6000ದ ಮಾತು. ಈಗ ದೊರೆತಿರುವ ಪಾಠ ಅಷ್ಟಿಲ್ಲ. ಪುಣೆಯಲ್ಲಿ ನೆಲೆಸಿದ್ದ ಗಣಿತಜ್ಞ ಡಿ. ಡಿ. ಕೊಸಾಂಬಿ ಅಳೆದು ನೋಡಿ, ಗಣನೀಯ ಪಾಲು ಕಳೆದುಹೋಗಿದೆ ಎಂದು ವಾದಿಸಿದರು. ವಿಚಿತ್ರವೆಂದರೆ ಇಡೀ ಅಧ್ಯಾಯ ಒಂದೂ ಹೋಗಿಲ್ಲ. ನಕಲು ಮಾಡುವವರ ಕೈಯಲ್ಲಿ ಅಲ್ಲೊಂದು ವಾಕ್ಯ, ಇಲ್ಲೊಂದು ಸಾಲು ಉದುರಿರಬೇಕು. ಪಟ್ಟಿ ಶೀರ್ಷಿಕೆಗಳನ್ನು ಕಾಪಾಡಿತು, ಒಳಗಿನ ಸಾಲುಗಳನ್ನು ಕಾಯುವುದು ಅದರಿಂದ ಆಗಲಿಲ್ಲ.

ಮುಂಬೈ ವಿಶ್ವವಿದ್ಯಾಲಯಕ್ಕಾಗಿ ಆರ್. ಪಿ. ಕಂಗ್ಲೆ 1960ರಿಂದ ಹೊರತಂದ ಆವೃತ್ತಿಯಲ್ಲಿ ಅಧ್ಯಾಯದ ಸಂಖ್ಯೆಯ ಜೊತೆಗೆ ಪ್ರಕರಣದ ಸಂಖ್ಯೆಯನ್ನೂ ಕೊಡಲಾಗಿದೆ. ಏಳನೆಯ ಅಧಿಕರಣದ ನಾಲ್ಕನೆಯ ಅಧ್ಯಾಯದಲ್ಲಿ ಅವು 103ರಿಂದ 107.