ಸಂಜಾಣದ ಗಾಜಿನ ಚೂರುಗಳು

ಅಂಧೇರಿಯಿಂದ ಉತ್ತರಾಭಿಮುಖವಾಗಿ ಸಾಗುವ ರೈಲುಮಾರ್ಗವು ಡಹಾಣುವನ್ನು ದಾಟಿ ಗುಜರಾತದ ಗಡಿಯನ್ನು ಹೊಕ್ಕ ಸ್ವಲ್ಪದರಲ್ಲಿಯೇ ಸಂಜಾಣವು ದೊರೆಯುತ್ತದೆ. ಪಾರಸಿಗಳ ಆದಿನೆಲೆಯೆಂದು ಪ್ರಸಿದ್ಧವಾದ ಈ ಊರು ಕನ್ನಡಿಗರಿಗೂ ಅಪರಿಚಿತವಲ್ಲ. ಅಮೋಘವರ್ಷ ನೃಪತುಂಗನ ಕ್ರಿ. ಶ. ೮೭೧ರ ತಾಮ್ರಪಟಗಳು ಇದರ ಹೆಸರಿನಿಂದಲೇ ಖ್ಯಾತವಾಗಿವೆ. ೨೦೦೨ರಿಂದ ೨೦೦೪ರವರೆಗೆ ಇಲ್ಲಿ ನಡೆದ ಉತ್ಖನನದಲ್ಲಿ ಪಶ್ಚಿಮ ಏಷ್ಯದ ಮೆರುಗಿನ ಮಡಕೆಗಳೊಡನೆ ಗಾಜಿನ ಪಾತ್ರೆಗಳ ಚೂರುಗಳೂ ಹೊರಬಿದ್ದವು.

ಗಾಜು ಭಾರತಕ್ಕೆ ಹೊಸದಲ್ಲ. ಮಣಿ, ಬಳೆಗಳನ್ನು ನಮ್ಮವರು ಬಹು ಹಿಂದಿನಿಂದ ಮಾಡುತ್ತಿದ್ದರು. ಊದಿ ಮಾಡುವ ತೆಳುಪಾತ್ರೆಯ ವಿದ್ಯೆಯಾದರೋ ಸಿರಿಯ-ಪ್ಯಾಲೆಸ್ಟೈನ್ ತೀರದಲ್ಲಿ ಕ್ರಿಸ್ತಪೂರ್ವ ಮೊದಲನೆಯ ಶತಕದಲ್ಲಿ ಹುಟ್ಟಿ, ಅರಬರ ಕಾಲದಲ್ಲಿ ಹೊಸ ಏಳಿಗೆಯನ್ನು ಪಡೆಯಿತು. ಮರಳಿಗೆ ಕ್ಷಾರವನ್ನು ಬೆರಸಿ ಕುಲುಮೆಯಲ್ಲಿ ಕರಗಿಸುವುದು ಮೂಲಕ್ರಮ. ರೋಮನರ ಕಾಲದಿಂದ ಈಜಿಪ್ಟಿನ ಸರೋವರಗಳ ಖನಿಜಕ್ಷಾರವು ಇದಕ್ಕೆ ಒದಗುತ್ತಿದ್ದಿತು. ಒಂಬತ್ತನೆಯ ಶತಮಾನದಲ್ಲಿ ಅದರ ಸ್ಥಾನಕ್ಕೆ ಚೌಳುನೆಲದ ಗಿಡಗಳನ್ನು ಸುಟ್ಟ ಬೂದಿ ಬಂದಿತು. ಕರಗಿದ ಗಾಜನ್ನು ಕಬ್ಬಿಣದ ಕೊಳವಿಯ ತುದಿಯಲ್ಲಿ ಎತ್ತಿ, ಉರುಳಿಸಿ, ಊದಿ ಗುಳ್ಳೆ ಮಾಡುವರು. ಚಿತ್ತಾರ ಬೇಕಾದರೆ ಅಚ್ಚಿನೊಳಗೆ ಊದುವರು. ಬಳಿಕ ತಳಕ್ಕೆ ಸಲಾಕೆಯೊಂದನ್ನು ಅಂಟಿಸಿ, ಕೊಳವಿಯನ್ನು ಕಳಚಿ, ಬಾಯನ್ನು ಮತ್ತೆ ಕಾಯಿಸಿ ತಿದ್ದುವರು. ಸಲಾಕೆಯನ್ನು ಮುರಿದ ಕಲೆ ತಳದಲ್ಲಿ ಉಳಿಯುತ್ತದೆ. ಕುಶಲಿಯ ರುಜುವೇ ಅದು ಎನ್ನಬಹುದು. ಪಾತ್ರೆಯನ್ನು ಮೆಲ್ಲನೆ ತಣಿಸದಿದ್ದರೆ ತಾನಾಗಿ ಸೀಳುತ್ತದೆ.

ಇಂಥ ಸರಕು ಸಂಜಾಣಕ್ಕೆ ಬಂದುದೇಕೆ? ಚಿಂಚಣಿಯ ಶಕ ೮೪೮ರ (ಕ್ರಿ. ಶ. ೯೨೬) ತಾಮ್ರಶಾಸನವು ಉತ್ತರವನ್ನೀಯುತ್ತದೆ. ಮಾನ್ಯಖೇಟದ ಇಮ್ಮಡಿ ಕೃಷ್ಣನು ಸಂಯಾನ ಮಂಡಲವನ್ನು ವಹಿಸಿಕೊಟ್ಟುದು ಒಬ್ಬ ತಾಜಿಕನಿಗೆ, ಎಂದರೆ ಅರಬನಿಗೆ. ಶಾಸನವು ಅವನನ್ನು ಮಧುಮತಿಯೆಂದು ಕರೆಯುತ್ತದೆ. ಮಹಮ್ಮದನೆಂಬ ಹೆಸರಿನ ಸಂಸ್ಕೃತರೂಪವಿದು. ಸುತ್ತಣ ಬಂದರುಗಳನ್ನು ಗೆದ್ದು ತನ್ನ ಅಧಿಕಾರಿಗಳನ್ನು ನಿಲಿಸಿದ ಈತನು ಎರಡು ಹೊಳೆಗಳಲ್ಲಿ ಉಚಿತ ದೋಣಿಗಳನ್ನೂ, ಅನ್ನ, ಮೇಲೋಗರ, ತುಪ್ಪವಿಕ್ಕುವ ಸತ್ರವನ್ನೂ ಏರ್ಪಡಿಸಿದನು. ಮೂರನೆಯ ಇಂದ್ರನ ಕಾಲದಲ್ಲಿ ಭಗವತಿಯ ಮಠಿಕೆಗೆ ದತ್ತಿಯೂ ಇವನಿಂದ ಸಂದಿತು. ರಾಷ್ಟ್ರಕೂಟರ ಅರಬಸ್ನೇಹವನ್ನು ಪ್ರವಾಸಿಗಳ ಹೊಗಳಿಕೆಯಿಂದಷ್ಟೇ ಅಳೆಯುವವರು ಈ ಶಾಸನವನ್ನು ಗಮನಿಸಬೇಕು.

ಆದರೂ ಮಧುಮತಿಯ ಮನೆಯ ಸೀಸೆಗಳೇ ಇವೆಂದು ಹೇಳಹೊರಡುವುದು ದುಡುಕು. ಒಡೆದ ಗಾಜೂ ಆಗ ಸರಕೇ ಆಗಿದ್ದಿತು. ಕ್ರಿ. ಶ. ೧೦೨೫ರ ಸುಮಾರಿಗೆ ತುರ್ಕಿಯ ಸೆರ್ಚೆ ಲಿಮಾನಿಯಲ್ಲಿ ಮುಳುಗಿದ ಹಡಗಿನಲ್ಲಿ ಮೂರು ಟನ್ನಿನಷ್ಟು ಗಾಜು, ಬಹುಪಾಲು ಮರಳಿ ಕರಗಿಸಲು ಒಯ್ಯುತ್ತಿದ್ದ ಚೂರು, ದೊರೆತಿದೆ. ಸಂಜಾಣದ ಚೂರು ಅತ್ತರಿನ ಸೀಸೆಯಾಗಿ ಬಂದಿರಬಹುದು. ಬಳೆಗಾರನ ಕುಲುಮೆಗೆಂದೂ ಬಂದಿರಬಹುದು. ಹುಟ್ಟಿದ ಊರನ್ನು ಮಾತ್ರ ರಸಾಯನ ಪರೀಕ್ಷೆ ತಕ್ಕಮಟ್ಟಿಗೆ ಹೇಳಬಲ್ಲದು: ಬೂದಿಯಿಂದಾದ ಗಾಜಿನಲ್ಲಿ ಮೆಗ್ನೀಸಿಯ ಹೆಚ್ಚು, ಭಾರತದ ಚೌಳುಮಣ್ಣಿನ ಗಾಜಿನಲ್ಲಿ ಅಲ್ಯೂಮಿನ ಹೆಚ್ಚು.