ಒಂಬತ್ತು ಬಿಡಾರಗಳ ವಾಡೆ

ಪುಣೆಯಲ್ಲಿ ನಮ್ಮ ಕಡೆಯವರು ನಾಲ್ಕು ಜನ ಸೇರಿದರೆ ಮಾತು ಬಂದು ನಿಲ್ಲೋದು ಇಲ್ಲೇ: ಹಿಂಜವಡಿ ಕಡೆ ಇನ್ನೊಂದು ಫ್ಲ್ಯಾಟು ತಗೊಂಡರೆ ಬಾಡಿಗೆ ಎಷ್ಟು ಬಂದೀತು? ಮೂರು, ನಾಲ್ಕು ಮಾಡಿಕೊಂಡವರೂ ಇದ್ದಾರೆ. ನನಗೆ ಮಾತ್ರ ಆಗ ಸದಾಶಿವ ಪೇಟೆಯ ವಾಡೆಗಳು ನೆನಪಾಗುತ್ತವೆ. ಒಂದು ಕಾಲಕ್ಕೆ ಬಾಡಿಗೆ ಆದಾಯ ಅಂದರೆ ಅವೇ.

ವಾಡೆ ಅಂದರೇನು ಅಂತ ಧಾರವಾಡದ ಕಡೆಯವರಿಗೆ ಹೇಳಬೇಕಾಗಿಲ್ಲ. ಪೇಶ್ವೆಯರ ಕಾಲ ಮುಗಿದ ಮೇಲೆ ಇಂಥ ದೊಡ್ಡ ಮನೆ ಸಾಕುವುದು ಕಷ್ಟವಾಗಿ, ಅನೇಕರು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟರು. 1992ರಲ್ಲಿ ನಾನು ಇಳಿದುಕೊಂಡ ವಾಡೆಯಲ್ಲಿ ಒಂಬತ್ತು ಹಳೆಯ ಬಿಡಾರಗಳಿದ್ದವು. ಮಾಲೀಕರನ್ನು ಎಲ್ಲರೂ ಕಾಕಾ ಅಂತಿದ್ದರು. ನನಗೆ ಕೊಟ್ಟದ್ದು ಅವರ ಸ್ವಂತ ಭಾಗದ ಒಂದು ಕೋಣೆ, ತಿಂಗಳಿಗೆ 800 ರೂಪಾಯಿ. ಒಂದು ದಿನ ನಕ್ಕು ಹೇಳಿದರು, "ನಿನ್ನೊಬ್ಬನದೇ ಆ ಒಂಬತ್ತೂ ಮನೆಗಿಂತ ಜಾಸ್ತಿ ಆಗ್ತದೆ ನೋಡು." ಒಂದೊಂದು ಬಿಡಾರದಿಂದ ಅವರಿಗೆ ಬರುತ್ತಿದ್ದುದು 18, 20 ರೂಪಾಯಿ. ಹೆಂಚು ಹೊದಿಸಲಿಕ್ಕೂ ಸಾಲದು.

ಕಾರಣ 1947ರ ಮುಂಬಯಿ ಬಾಡಿಗೆ ಕಾಯ್ದೆ. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅದು ಅಳತೆಗೋಲು ಮಾಡಿತು. ಯುದ್ಧದ ನಂತರ ಮನೆಗಳಿಗೆ ಬರ, ಬಡವನನ್ನು ಬೀದಿಗೆ ಹಾಕಬಾರದು ಅನ್ನೋ ಉದ್ದೇಶ ಸರಿಯೇ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ನದಿಯಂಚಿನ ಪೇಟೆಗಳು ಮುಳುಗಿದಾಗ ಮನೆಯ ಬೆಲೆ ಏನೆಂದು ಈ ಊರಿಗೆ ಗೊತ್ತಾಗಿತ್ತು. ಆದರೆ ಕಾಲ ಓಡಿತು, ಅಂಕಿ ನಿಂತಲ್ಲೇ ನಿಂತಿತು. ಉಪಾಯವಾಗಿ ಮಾಲೀಕರು 'ಬಾಡಿಗೆ' ಅನ್ನದೆ 'ಲೀವ್ ಅಂಡ್ ಲೈಸೆನ್ಸ್' ಅಂತ ಕಾಗದ ಬರೆಸತೊಡಗಿದರು. ಸರಕಾರ ಬಿಟ್ಟೀತೇ! 1973ರ ಫೆಬ್ರುವರಿ 1ರಂದು ಹಾಗೆ ಒಳಗಿದ್ದವರನ್ನೂ ಕಾನೂನು ಬಾಡಿಗೆದಾರರನ್ನಾಗಿ ಮಾಡಿತು. ಕಾಕಾ ಹೆದರಿ ನನ್ನ ಕೋಣೆಗೆ ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದರಂತೆ. ಮನೆಗಾಗಿ ಅಲೆಯುವವರು ಒಂದು ಕಡೆ, ಬೀಗ ಹಾಕಿದ ಕೋಣೆ ಇನ್ನೊಂದು ಕಡೆ.

ಈ ಗಂಟು ಸಡಿಲಿಸಿದ ಮೊಕದ್ದಮೆಯ ಹೆಸರಿನಲ್ಲಿ ನಮ್ಮ ಕರಾವಳಿಯ ಊರಿದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ. ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿದ್ದು ಇನ್ನು ನ್ಯಾಯವಲ್ಲ ಅಂತ 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೊಸ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಲೈಸೆನ್ಸ್ ಕರಾರು ರಿಜಿಸ್ಟರ್ ಆಗಲೇಬೇಕು, ಆ ಹೊಣೆ ಮಾಲೀಕನದು. ಅವಧಿ ಮುಗಿದೂ ಬಿಡದವರು ದುಪ್ಪಟ್ಟು ಕೊಡಬೇಕು. ಹಳೆಯ ಬಾಡಿಗೆಗೆ ವರ್ಷಕ್ಕೆ ಶೇಕಡಾ 4 ಏರಿಕೆ. ಕಾಕಾ ಲೆಕ್ಕ ಹಾಕಿದರು: 18 ರೂಪಾಯಿಗೆ 72 ಪೈಸೆ!

ಐಟಿ ಹುಡುಗರು ಬಂದದ್ದು, ಬ್ಯಾಂಕು ಸಾಲ ಸಿಕ್ಕಿದ್ದು ಎಲ್ಲ ನಿಜ. ಆದರೂ ಎರಡನೇ ಫ್ಲ್ಯಾಟು ಕೊಳ್ಳುವ ಧೈರ್ಯ ನಮ್ಮಂಥವರಿಗೆ ಬಂದದ್ದು ಆ ರಿಜಿಸ್ಟರ್ ಕಾಗದದಿಂದ. ಈಗ ನನಗೂ ಎರಡಿವೆ. ಹನ್ನೊಂದು ತಿಂಗಳಿಗೊಮ್ಮೆ ನಾನೂ ಬಾಡಿಗೆಯ ಹುಡುಗನೂ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತೇವೆ. ಬೆಂಗಳೂರಿನ ತಮ್ಮ ಕೇಳ್ತಾನೆ, "ಅಣ್ಣಾ, ಹತ್ತು ತಿಂಗಳ ಅಡ್ವಾನ್ಸ್ ಯಾಕೆ ತಗೊಳ್ಳೋದಿಲ್ಲ?" ನಾನು ಎರಡು ತಿಂಗಳದ್ದಷ್ಟೇ ತಗೊಳ್ತೇನೆ.