ಕೂಲಿಕೇರಿಯಲ್ಲಿ ಹುಟ್ಟಿದ ಮಕ್ಕಳ ಮನೆ

ತುಮಕೂರಿಗೆ ಸಮೀಪದ ವಸಂತನರಸಾಪುರವು ಇಂದು ಕಾರ್ಖಾನೆಗಳ ಊರು. 2014ರಲ್ಲಿ ಅಲ್ಲಿ ಆಹಾರ ಸಂಸ್ಕರಣೆಯ ಪಾರ್ಕೂ ಆರಂಭವಾಯಿತು. ತಾಯಿತಂದೆಗಳಿಬ್ಬರೂ ದುಡಿಮೆಗೆ ಹೊರಟರೆ ಮೂರು ವರ್ಷದ ಕೂಸು ಹಗಲನ್ನು ಹೇಗೆ ಕಳೆಯಬೇಕು? ಕಾರ್ಖಾನೆಯಿರುವ ಊರಿನಲ್ಲೆಲ್ಲ ಏಳುವ ಪ್ರಶ್ನೆಯಿದು. ಇದಕ್ಕೆ ದೊರೆತ ಒಂದು ಉತ್ತರದ ಚರಿತ್ರೆಯನ್ನು ಶ್ರೋತೃಗಳೊಡನೆ ವಿಚಾರಮಾಡೋಣ.

ರೋಮ್ ನಗರದ ಸ್ಯಾನ್ ಲೊರೆಂಜೊ ಕೂಲಿಕಾರರ ಕೇರಿಯಾಗಿದ್ದಿತು. ಹೆತ್ತವರು ಕೆಲಸಕ್ಕೆ ಹೋದಾಗ ಮಕ್ಕಳು ಮೆಟ್ಟಲುಗಳಲ್ಲಿ ಅಲೆಯುತ್ತ, ಗೋಡೆಗಳನ್ನು ಕೆಡಿಸುತ್ತಿದ್ದರು. ಗೋಡೆ ಉಳಿದರೆ ಸಾಕೆಂದು ಕಟ್ಟಡದ ಒಡೆಯರು ಒಂದು ಕೊಠಡಿಯನ್ನು ಬಿಟ್ಟುಕೊಟ್ಟು, ವೈದ್ಯೆಯಾದ ಮಾರಿಯಾ ಮಾಂಟೆಸ್ಸೊರಿಯವರನ್ನು ಕರೆದರು. 1907ರ ಜನವರಿ 6ರಂದು ‘ಮಕ್ಕಳ ಮನೆ’ ತೆರೆಯಿತು.

ಆಕೆ ಬೋಧಿಸುವುದಕ್ಕೆ ಮೊದಲು ನೋಡಿದರು. ಮೂರು ವರ್ಷದ ಹುಡುಗಿಯೊಬ್ಬಳು ಮರದ ದಿಮ್ಮಿಯ ಕುಳಿಗಳಿಂದ ಬೇರೆ ಬೇರೆ ಅಳತೆಯ ಉರುಳೆಗಳನ್ನು ತೆಗೆದು ಮತ್ತೆ ಇಡುತ್ತಿದ್ದಳು. ನಲವತ್ತಕ್ಕೂ ಹೆಚ್ಚು ಬಾರಿ ಹೀಗೆ ಮಾಡಿದಳು. ಸುತ್ತಲಿನವರು ಹಾಡಿದರೂ, ಕುರ್ಚಿಸಹಿತವಾಗಿ ಅವಳನ್ನು ಎತ್ತಿ ಮೇಜಿನ ಮೇಲೆ ಕೂರಿಸಿದರೂ ಅವಳ ಗಮನ ಕದಲಲಿಲ್ಲ. ಉರುಳೆಯೊಂದು ತಪ್ಪು ಕುಳಿಗೆ ಸೇರಿದರೆ ಕೊನೆಯಲ್ಲಿ ಮತ್ತೊಂದಕ್ಕೆ ಜಾಗವಿರುವುದಿಲ್ಲ; ಆದಕಾರಣ ತಪ್ಪನ್ನು ಉಪಾಧ್ಯಾಯರು ಹೇಳಬೇಕಾಗಿಲ್ಲ, ಮಗುವೇ ಕಂಡುಕೊಳ್ಳುತ್ತದೆ. ಕೈಯ ಹದ, ಕಣ್ಣಿನ ಅಳತೆ, ಮನಸ್ಸಿನ ಏಕಾಗ್ರತೆ ಈ ಮೂರೂ ಒಂದೇ ಆಟದಲ್ಲಿ ಬಲಿಯುತ್ತವೆ. ಮಗುವಿನ ಸ್ವಭಾವವೇ ಚಂಚಲವೆಂಬ ಹಳೆಯ ದೂರು ಅಲ್ಲಿ ನಿಲ್ಲಲಿಲ್ಲ. ತಾನೇ ಆರಿಸಿದ ಕೆಲಸ ದೊರೆತರೆ ಅದು ಋಷಿಯಂತೆ ಕುಳಿತುಕೊಳ್ಳಬಲ್ಲುದು.

1939ರಲ್ಲಿ ಆಕೆ ಮದರಾಸಿನ ಅಡಯಾರಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು, ಶತ್ರುದೇಶದವರೆನಿಸಿ ಈ ನೆಲದಲ್ಲಿಯೇ ಉಳಿಯಬೇಕಾಯಿತು. 1946ರವರೆಗೆ ಸಾವಿರಕ್ಕೂ ಮಿಕ್ಕ ಉಪಾಧ್ಯಾಯರು ಆಕೆಯಿಂದ ಶಿಕ್ಷಣ ಪಡೆದರು. ನಮ್ಮ ಮೈಸೂರಿನಲ್ಲಿಯೂ ಶಿಶುಮನಸ್ಸಿನ ಚಿಂತನೆಗೆ ನೆಲೆ ಸಿಕ್ಕಿದ್ದಿತು. 1935ರಲ್ಲಿ ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ನಗರದ ಶಿಶುವಿಹಾರವೊಂದು ಅವರ ಹೆಸರನ್ನು ಹೊತ್ತಿದೆ.

ಆದರೆ ಕೂಲಿಕೇರಿಯಲ್ಲಿ ಹುಟ್ಟಿದ ಪದ್ಧತಿಯು ನಮ್ಮ ಪಟ್ಟಣಗಳಲ್ಲಿ ಬಹುಮಟ್ಟಿಗೆ ಶುಲ್ಕ ತೆರಬಲ್ಲವರ ಪಾಲಾಯಿತು. ಅಷ್ಟಾದರೂ ಓದುಬಲ್ಲ ನಾವೇ ಮೂರು ವರ್ಷದ ಮಗು ಅಕ್ಷರ ತಿದ್ದಲಿಲ್ಲವೆಂದು ಕಳವಳಪಡುತ್ತೇವೆ! ಇದನ್ನು ಮರಳಿ ಬಡವರ ಅಂಗಳಕ್ಕೆ ಒಯ್ದವರಲ್ಲಿ ತಾರಾಬಾಯಿ ಮೋಡಕರು ಮುಖ್ಯರು. 1945ರಲ್ಲಿ ಮುಂಬಯಿ ಪ್ರಾಂತದ ಬೋರ್ಡಿ ಗ್ರಾಮದಲ್ಲಿ ಅವರು ಕೆಲಸಕ್ಕೆ ತೊಡಗಿದರು. ಬೆಲೆಯುಳ್ಳ ಸಾಮಗ್ರಿಗಳ ಬದಲಿಗೆ ಕಲ್ಲು, ಕಾಯಿ, ಚಿಪ್ಪು, ಎಲೆಗಳೇ ಮಕ್ಕಳ ಪಾಠದ ವಸ್ತುಗಳಾದವು. ಅಂಗನವಾಡಿಯ ಕಲ್ಪನೆಗೆ ಈ ಅಂಗಳವೇ ಮೂಲ. 1975ರ ಅಕ್ಟೋಬರ್ 2ರಂದು ದೇಶದ 33 ಕ್ಷೇತ್ರಗಳಲ್ಲಿ ಸರ್ಕಾರದ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿದ್ದಿತು.

ವಸಂತನರಸಾಪುರದಂಥ ಊರುಗಳಲ್ಲಿ ಕೂಸಿಗೆ ಬೇಕಾದುದು ಊಟವೂ ಕಾವಲೂ ಮಾತ್ರವಲ್ಲ. ಕೈಗೆಟಕುವ ಎತ್ತರದಲ್ಲಿ ನಾಲ್ಕು ವಸ್ತುಗಳು, ಅವಸರಪಡಿಸದ ಒಬ್ಬ ಹಿರಿಯಳು, ಇಷ್ಟು ಹೊತ್ತಿನ ಬಿಡುವು: ಇವೂ ಬೇಕು. ಗೋಡೆಯನ್ನು ಉಳಿಸಲೆಂದು ತೆರೆದ ಕೊಠಡಿಯಲ್ಲಿ ಜಗತ್ತು ಮಗುವನ್ನು ಕಂಡಿತು. ಮಗುವಿಗಾಗಿಯೇ ತೆರೆದ ಕೊಠಡಿಯಲ್ಲಿ ಅದನ್ನು ಕಾಣದೆ ಹೋದರೆ ತಪ್ಪು ನಮ್ಮದೇ.